ಸಾಕು ಅನ್ನಿಸಬೇಕು

ನಮ್ಮ ಕಡೆ ಬೇಸ್‌ಬಾಲ್‌ನಲ್ಲಿ ಕ್ಯಾಚರ್‌ನನ್ನು ಪಿಚರ್‌ನ ಹೆಂಡತಿ ಎನ್ನುತ್ತಾರೆ. ಅವನು ಎಸೆದದ್ದನ್ನೆಲ್ಲ ಹಿಡಿಯಬೇಕಲ್ಲ, ಅವನ ಸಿಟ್ಟನ್ನೂ ಸೇರಿಸಿ. ಆ ಲೆಕ್ಕದಲ್ಲಿ ನಾನು ರ್ಯೋಜಿಯ ಮೊದಲ ಹೆಂಡತಿ. ಶಾಲೆ ಬಿಟ್ಟ ಮೇಲೆ ಅವನು ಕಂಪನಿ ತಂಡಕ್ಕೆ ಹೋದ, ನಾನು ಇಲ್ಲೇ ಉದೋನ್ ಶಾವಿಗೆಯ ಅಂಗಡಿ ಇಟ್ಟೆ.

ಹೊಸ ವರ್ಷದ ಮರುದಿನ ಅಂಗಡಿಗೆ ಬಂದವನು ತೋಳು ಮಡಚಿ ಮೊಣಕೈ ತೋರಿಸಿದ. ಹಳೆಯ ಗಾಯದ ಗುರುತಿನ ಮೇಲೆಯೇ ಹೊಸದೊಂದು ಹೊಲಿಗೆ.

"ಮೊದಲನೇ ಸಲ ಎಡಗೈ ಮಣಿಕಟ್ಟಿಂದ ನಾರು ತೆಗೆದು ಇಲ್ಲಿಗೆ ಹಾಕಿದ್ರು. ಅದೂ ಹರೀತಲ್ಲ, ಈ ಸಲ ತೊಡೆಯಿಂದ."

"ಮೂರನೇ ಸಲಕ್ಕೆ ನನ್ನ ಉದೋನ್ ಎಳೆ ಕೊಡ್ತೀನಿ ಬಿಡು. ಎಷ್ಟು ಜಗ್ಗಿದ್ರೂ ಹರಿಯಲ್ಲ."

"ಮೂರನೇ ಸಲ ಅನ್ನೋದೇ ಇಲ್ಲ ಕಣೋ ಕೋಸಾಕು. ಸದ್ಯಕ್ಕೆ ಅರ್ಧ ಜೋರಲ್ಲಿ ಎಸೀಬಹುದು. ಅದು ಮೀರಿ ಎಸೆದು ಹರಕೊಂಡ್ರೆ ಮುಂದೆ ಪಿಚರ್ ಕೆಲಸ ಮರೆತುಬಿಡು ಅಂದಿದ್ದಾರೆ ಡಾಕ್ಟ್ರು."

"ಮತ್ತೆ ನಾಳೆ ಮೈದಾನಕ್ಕೆ ಯಾಕಪ್ಪಾ ಬರ್ತಿದ್ದೀಯಾ?"

ಸಾರನ್ನು ಸೊರ್ರನೆ ಹೀರಿ ಬಟ್ಟಲು ಕೆಳಗಿಟ್ಟ. "ಆ ಮುದುಕನ ಬಾಯಲ್ಲಿ ಸಾಕು ಅನ್ನಿಸಬೇಕು."

ಮುದುಕ ಎಂದರೆ ತಾಕೆಗಾಮಿ, ನಮ್ಮ ಶಾಲಾ ತಂಡದ ತರಬೇತುದಾರರು. ಎದುರಿಗೆ ಎಲ್ಲರೂ ‘ಕಾಂತೊಕು’ ಎಂದೇ ಕರೆಯುವುದು. ಅವರ ಮೈದಾನದಲ್ಲಿ ‘ಸಾಕು’ ಎನ್ನುವ ಹಕ್ಕು ಅವರೊಬ್ಬರದು. ಹುಡುಗರ ಬಾಯಲ್ಲಿ ಇರಬೇಕಾದದ್ದು ‘ಇನ್ನೊಂದು!’ ಮಾತ್ರ. ಚಳಿಗಾಲದುದ್ದಕ್ಕೂ ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ರ್ಯೋಜಿಯಿಂದ ಎಸೆಯಿಸಿದರು. ಮೊಣಕೈ ಬದನೆಕಾಯಿಯಂತೆ ಊದಿಕೊಂಡು ಅವನು "ನೋಯ್ತಿದೆ ಕಾಂತೊಕು" ಎಂದಾಗ, "ನೋವು ಇರೋದು ಮನಸ್ಸಲ್ಲಿ, ಕೈಯಲ್ಲಲ್ಲ. ಇನ್ನೊಂದು!" ಎಂದರು. ಮೊದಲ ಶಸ್ತ್ರಚಿಕಿತ್ಸೆಯಾದಾಗ ಪತ್ರಿಕೆಯವರ ಮುಂದೆ, "ಆ ಹುಡುಗನಿಗೆ ಮೊದಲಿಂದಲೂ ಸೊಂಟದಲ್ಲಿ ಕಸುವಿರಲಿಲ್ಲ" ಎಂದು ನಕ್ಕರು.

ಹಳೆಯ ವಿದ್ಯಾರ್ಥಿಗಳ ಹೊಸ ವರ್ಷದ ಪಂದ್ಯ ಶುರುವಾಗುವುದು ಅವರ ಬ್ಯಾಟಿನಿಂದಲೇ. ಯಾರಾದರೂ ಹಳೆಯ ಪಿಚರ್ ಮೆತ್ತಗೆ ಒಂದು ಚೆಂಡು ಕೊಡುತ್ತಾನೆ, ಅವರು ಹೊಡೆಯುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬ್ಯಾಟಿಗೆ ಚೆಂಡು ತಗಲುವವರೆಗೆ ಹೊಡೆಯುವವನು ತನ್ನ ಗೆರೆ ದಾಟಿ ಹೊರಬರಬಾರದು ಎಂಬುದು ಅವರೇ ಮಾಡಿದ ನಿಯಮ.

ಮರುದಿನ ಬೆಳಿಗ್ಗೆ ಸಮುದ್ರದ ಗಾಳಿ ಕೊರೆಯುತ್ತಿತ್ತು. ಮೈದಾನದ ಅಂಚಿನ ಗುಂಟ ಈಗಿನ ಹುಡುಗರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಕಾಂತೊಕುವಿನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತೆ.

"ಏನಯ್ಯಾ, ಹೊಟ್ಟೆ ಬಂದಿದೆ. ನಿನ್ನ ಗಂಡನ ಕೈ ಹೇಗಿದೆ?"

"ಹೊಲಿಗೆ ಭದ್ರವಾಗಿದೆ ಕಾಂತೊಕು."

ರ್ಯೋಜಿ ಚೆಂಡನ್ನು ಅಂಗೈಯೊಳಗೆ ಆಳವಾಗಿ ಹುದುಗಿಸಿ ಬಿಟ್ಟ. ಅದು ಸೋಮಾರಿಯಂತೆ ಮೇಲೇರಿ, ಯೋಚಿಸಿ, ಇಳಿಯಿತು. ಅಷ್ಟರೊಳಗೆ ಕಾಂತೊಕುವಿನ ಬ್ಯಾಟು ಗಾಳಿ ಸೀಳಿ ಮುಗಿದಿತ್ತು. ಎಲ್ಲರೂ ನಕ್ಕರು. ರ್ಯೋಜಿ ಟೋಪಿ ತೆಗೆದು ವಿನಯದಿಂದ ಕೂಗಿದ: "ಇನ್ನೊಂದು, ಕಾಂತೊಕು!"

ಮತ್ತೊಂದು ಇನ್ನೂ ನಿಧಾನ, ಅದರ ನಂತರದ್ದು ತುಸು ಬೇಗ. ಒಂದೂ ತಗಲಲಿಲ್ಲ. ದಿನಾ ಬ್ಯಾಟು ಹಿಡಿಯುವವರಿಗೆ ಇದೇನು ಮಹಾ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಇಷ್ಟು ವರ್ಷ ಅವರು ಹೊಡೆದದ್ದು ತಾವೇ ಚಿಮ್ಮಿಕೊಂಡ ಚೆಂಡನ್ನು, ಹುಡುಗರನ್ನು ಓಡಿಸಲಿಕ್ಕೆ. ಇನ್ನೊಬ್ಬನ ಕೈಯಿಂದ ಬರುವ ಚೆಂಡಿಗೆ ಕಾಯುವುದು ಮರೆತೇ ಹೋಗಿತ್ತು. ರ್ಯೋಜಿಯೋ, ಎರಡು ಸಲ ಆಸ್ಪತ್ರೆ ಸೇರಿ ಕಾಯುವುದನ್ನೇ ಕಲಿತು ಬಂದಿದ್ದ.

"ಗಂಡಸಾದ್ರೆ ನೇರ ಎಸಿಯೋ! ಮುದುಕಿ ಉಗುಳಿದ ಹಾಗೆ ಎಸೀತೀಯಲ್ಲ!" ಕಾಂತೊಕು ಗುಡುಗಿದರು. "ಸೊಂಟ ಇನ್ನೂ ಗಟ್ಟಿಯಾಗಿಲ್ವಾ?"

ರ್ಯೋಜಿಯ ಮುಖ ಕೆಂಪಗಾಯಿತು. ಚೆಂಡು ಅಂಗೈಯಿಂದ ಬೆರಳ ತುದಿಗೆ ಸರಿಯಿತು. ಪೂರ್ತಿ ಜೋರಿನ ಆ ಹಿಡಿತ ನನಗೆ ಗೊತ್ತಿಲ್ಲವೇ? ಎದ್ದು ಓಡಿದೆ.

"ಮುದುಕನ ಪಕ್ಕೆಗೇ ಒಂದು ಬಿಡ್ತೀನಿ ಕೋಸಾಕು. ಪೂರ್ತಿ ಜೋರಲ್ಲಿ."

"ಬಿಟ್ರೆ ಏನಾಗುತ್ತೆ? ಅವರ ಪಕ್ಕೆ ತಿಂಗಳಲ್ಲಿ ಕೂಡುತ್ತೆ, ನಿನ್ನ ಕೈ ಕೂಡುತ್ತಾ? ಅವರು ಬೇಡ್ತಿರೋದೇ ಆ ಚೆಂಡು. ಆಗೆಲ್ಲ ಕೇಳಿದಷ್ಟೂ ಕೊಟ್ಟೆ. ಈಗಲೂ ಕೊಡ್ತೀಯಾ?"

ಅವನು ಮೂಗು ಒರೆಸಿಕೊಂಡ. ಚೆಂಡು ಮತ್ತೆ ಅಂಗೈಗೆ ಇಳಿಯಿತು. "ಹೋಗು ಮಾರಾಯ. ಹೆಂಡ್ತಿ ಮಾತು ಮೀರೋಕಾಗುತ್ತಾ."

ಆಮೇಲೆ ಯಾರೂ ನಗಲಿಲ್ಲ. ಚೆಂಡು ತೇಲಿ ಬರುತ್ತಿತ್ತು, ಬ್ಯಾಟು ಬೀಸುತ್ತಿತ್ತು, "ಇನ್ನೊಂದು, ಕಾಂತೊಕು!" ಎಂಬ ಕೂಗು ಅದೇ ವಿನಯದಲ್ಲಿ ಕೇಳುತ್ತಿತ್ತು. ಕೊನೆಗೆ ಅವರು ಬ್ಯಾಟನ್ನು ಊರುಗೋಲಿನಂತೆ ಊರಿ ನಿಂತರು. ನನಗೊಬ್ಬನಿಗೇ ಕೇಳುವಂತೆ, "ಮೊಣಕೈ ನೋಯ್ತಿದೆ ಕಣೋ" ಎಂದರು.

"ನೋವು ಇರೋದು ಮನಸ್ಸಲ್ಲಿ ಕಾಂತೊಕು, ಕೈಯಲ್ಲಲ್ಲ," ಎಂದೆ. ಎಂಥ ರುಚಿಯಿತ್ತು ಆ ಮಾತಿಗೆ!

ಅವರ ತುಟಿ ಅಲುಗಿತು. "ಸಾಕು."

ರ್ಯೋಜಿ ಕಿವಿಗೆ ಕೈ ಇಟ್ಟ. "ಕೇಳಿಸಲಿಲ್ಲ, ಕಾಂತೊಕು!"

"ಸಾಕು ಅಂದೆ!"

ಸಾಲಾಗಿ ನಿಂತ ಹುಡುಗರೆಲ್ಲ ಆ ಮಾತು ಕೇಳಿಸಿಕೊಂಡರು. ಕಾಂತೊಕುವಿಗೂ ಸೋತು ಆ ಮಾತು ಹೇಳಲು ಬರುತ್ತದೆ ಎಂದು ಅವರಿಗೆ ಅಂದೇ ಗೊತ್ತಾದದ್ದು.

ಪಂದ್ಯ ಮುಗಿದು ಕೆಂಪು ಕಾಳಿನ ಬಿಸಿ ಸಿಹಿ ಸಾರು ಹಂಚುವಾಗ, ಕಾಂತೊಕುವಿಗೆ ಬಟ್ಟಲು ತಂದುಕೊಟ್ಟವನು ರ್ಯೋಜಿಯೇ. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ಕೊಟ್ಟ.

"ಬರೋ ವರ್ಷಕ್ಕೆ ಈ ಕೈ ಪೂರ್ತಿ ಸರಿಹೋಗುತ್ತಂತೆ ಕಾಂತೊಕು. ನೇರ ಎಸಿ ಅಂದ್ರಲ್ಲ, ಆಗ ಎಸೀತೀನಿ. ನಿಯಮದ ಪ್ರಕಾರ ನೀವೇ ನಿಂತ್ಕೋಬೇಕು."

ಬಟ್ಟಲು ವಾಲಿ ಸಾರು ಅವರ ಬೂಟಿನ ಮೇಲೆ ಚೆಲ್ಲಿತು. ಶಾಲೆಯಲ್ಲಿ ಅವರ ಬೂಟು ಒರೆಸಿದ ಹಳೆಯ ಅಭ್ಯಾಸ, ನನ್ನ ಕೈ ಸೊಂಟದ ಟವೆಲಿಗೆ ಹೋಯಿತು. ಒರೆಸಲಿಲ್ಲ.