ಮೊಣಕಾಲೆತ್ತರದ ಮೊಳೆಗಳು

ಸುಣ್ಣ ಉದುರಿತು, ಮೊಳೆಯ ಜೊತೆ ಬೆರಳಗಲ ಗೋಡೆಯೇ ಕಿತ್ತು ಬಂತು, ಬರಲಿ, ಹೇಗೂ ಗೋಡೆಯನ್ನೇ ಕೆಡವುತ್ತಾರಂತೆ, ಇನ್ನು ಹದಿನಾರು ಇವೆ, ಮೊಣಕಾಲೆತ್ತರದಲ್ಲಿ ಸಾಲಾಗಿ, ಮಕ್ಕಳು ತಮ್ಮ ಚೀಲ ತಾವೇ ನೇತುಹಾಕಲಿ ಎಂದು ತಂಗಿ ಅಷ್ಟು ಕೆಳಗೆ ಹೊಡೆದದ್ದು — ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು, ವಾರವೆಲ್ಲ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳಿಗೆ ರಜೆಯ ದಿನವೂ ಬಗ್ಗುವುದೇ ಗತಿ. ಅವಳು ಆ ಮೂಲೆಯಲ್ಲಿ ಚಾಪೆ ಸುತ್ತುತ್ತಿದ್ದಾಳೆ, ಹದಿನಾಲ್ಕು ವರ್ಷ ಈ ಶಿಶುವಿಹಾರದ ಆಯಾ, ನಾಳೆಯಿಂದ ಏನೂ ಅಲ್ಲ, ನಮ್ಮ ಹೊಲಿಗೆ ಲೈನಿನ ಹೆಂಗಸರು ಕೂಸುಗಳನ್ನು ಎಲ್ಲಿ ಬಿಟ್ಟು ಬರುತ್ತಾರೋ, ಇಲ್ಲಿ ಕಾರು ನಿಲ್ಲುತ್ತವೆ, ಎಲೆಕ್ಷನ್ನಿಗೆ ನಿಂತ ಕಂಟ್ರಾಕ್ಟರ್ ಅದನ್ನು ಪ್ರಚಾರದಲ್ಲೇ ಹೇಳಿದ್ದ, ಮುಚ್ಚಿಟ್ಟವನಲ್ಲ, ಹಳೇ ಮೆಂಬರಿಗಿಂತ ಒಂಬತ್ತೇ ಮತ ಹೆಚ್ಚು ಪಡೆದು ಗೆದ್ದ — ಒಂಬತ್ತು — ಮೂರನೆಯವರಾಗಿ ನಿಂತ ಮೇಷ್ಟ್ರಿಗೆ ಬಿದ್ದದ್ದು ಹನ್ನೊಂದು.

ಹಳೇ ಮೆಂಬರು ಸಭೆಯಲ್ಲಿ ಗೊರಕೆ ಹೊಡೆಯುವವನು, ನಿಜ, ಆದರೆ ಇದನ್ನು ಮುಚ್ಚಲು ಬಿಟ್ಟಿರಲಿಲ್ಲ, ತಂಗಿ ಅದನ್ನೇ ಹೇಳಿದ್ದಳು, ಅಕ್ಕ, ಅವನು ಕಳ್ಳನೇ ಇರ್ಲಿ, ಈ ಸಲ ಅವನಿಗೇ ಹಾಕು, ನನಗೋಸ್ಕರ. ಆಯ್ತು ಕಣೇ ಎಂದೆ. ಪರದೆಯ ಹಿಂದೆ ಮುದ್ರೆ ಹಿಡಿದು ನಿಂತಾಗ ಕಂಟ್ರಾಕ್ಟರ್, ಹಳೇ ಮೆಂಬರು, ಇಬ್ಬರ ಗುರುತೂ ನೋಡಿದೆ, ಅಳಿಯ ಅಲ್ಲ ಮಗಳ ಗಂಡ, ಕೆಳಗೆ ಮೇಷ್ಟ್ರ ಕೊಡೆ, ನನಗೆ ಅಕ್ಷರ ಕಲಿಸಿದವರು, ಚರಂಡಿಯ ಮಾತಾಡಲು ಯಾರೂ ಇಲ್ಲವೆಂದು ಈ ವಯಸ್ಸಿನಲ್ಲಿ ಒಬ್ಬರೇ ಮನೆ ಮನೆ ಸುತ್ತಿದವರು, ಅವರಿಗೆ ಸೊನ್ನೆ ಬಂದರೆ, ಪಾಪ, ಸೊನ್ನೆ ಬರಬಾರದಲ್ಲ, ನನ್ನದೊಂದರಿಂದ ಏನಾಗುತ್ತದೆ — ಒತ್ತಿಬಿಟ್ಟೆ. ಹಾಕಿದ್ಯಾ ಅಕ್ಕ? ಹೂಂ. ಸುಳ್ಳು ಅಷ್ಟು ಚಿಕ್ಕದು, ಒಂದೇ ಅಕ್ಷರ. ಫಲಿತಾಂಶದ ಮರುದಿನ ಊಟದ ಬಿಡುವಿನಲ್ಲಿ ಕಾಜಾ ಹೊಲಿಯುವವಳು ಡಬ್ಬಿ ಮುಚ್ಚಿ ಮೆಲ್ಲಗೆ, ಸೊನ್ನೆ ಬರಬಾರ್ದು ಅಂತ ನಾನು ಮೇಷ್ಟ್ರಿಗೆ ಹಾಕ್ದೆ, ನಾನೊಬ್ಳೇ ಅಂದ್ಕೊಂಡಿದ್ದೆ ಎಂದಳು, ಅಯ್ಯೋ ನಾನೂ ಎಂದಳು ಚೆಕಿಂಗಿನವಳು, ಕಟಿಂಗ್ ಮಾಸ್ತರ ಅತ್ತ ತಿರುಗಿ ಕೈ ತೊಳೆದ, ನಮ್ಮ ಲೈನಿನಲ್ಲೇ ಐದು ಜನ, ಐವರೂ ತಾವೊಬ್ಬರೇ ಎಂದುಕೊಂಡವರು, ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ, ಕೂಡಿತು, ಕೊಚ್ಚಿಕೊಂಡು ಹೋದದ್ದು ನನ್ನ ತಂಗಿಯ ಅನ್ನ. ಆದರೆ ಹಾಕಿದ್ದು ತಪ್ಪೇ, ಮನಸ್ಸು ಒಪ್ಪಿದವರಿಗೆ ಹಾಕುವುದು ತಪ್ಪಾದರೆ ಮುದ್ರೆ ಕೈಗೆ ಯಾಕೆ ಕೊಡುತ್ತಾರೆ, ಗೊತ್ತಿಲ್ಲ, ಯೋಚಿಸಿ ಯೋಚಿಸಿ ದಣಿದಿದ್ದೇನೆ, ತಪ್ಪಲ್ಲ ಎಂದುಕೊಂಡ ಕೂಡಲೇ ಕಣ್ಣಿಗೆ ಬೀಳುವುದು ಈ ಮೊಳೆಗಳು, ಒಂದರಲ್ಲೂ ಚೀಲವಿಲ್ಲ, ಹದಿನೈದು, ಹದಿನಾಲ್ಕು, ಸುತ್ತಿಗೆಯ ಹಿಡಿ ಅಂಗೈ ಸುಲಿಯಿತು.

ಬಾಗಿಲಲ್ಲಿ ಕೆಮ್ಮು. ಮೇಷ್ಟ್ರು, ತಾವೇ ಕೊಟ್ಟಿದ್ದ ಕರಿಹಲಗೆ ಹೊರಲು ಬಂದಿದ್ದಾರೆ, ಉಸಿರು ಏರುತ್ತಿದೆ, ಗೋಡೆಯ ತೂತುಗಳನ್ನು ನೋಡಿ ಸುತ್ತಿಟ್ಟಿದ್ದ ಒಂದು ಚಾಪೆಯ ಮೇಲೆ ಕೂತರು. ಹನ್ನೊಂದು ಬಂತಂತಮ್ಮ ನನಗೆ, ಯಾರು ಹಾಕಿದ್ರೋ, ನಾಲ್ಕು ಮಾತು ಆಡೋಣ ಅಂತ ನಿಂತವನು ನಾನು, ಕೊನೇ ವಾರ ಇಬ್ರದ್ದೂ ಜಿದ್ದಾಜಿದ್ದಿ ಅಂತ ಗೊತ್ತಾಯ್ತು, ನಾನೇ ನನಗೆ ಹಾಕ್ಕೊಳ್ಲಿಲ್ಲ, ಈ ಮಕ್ಕಳಿಗೋಸ್ಕರ ಹಳೇ ಮೆಂಬರಿಗೆ ಒತ್ತಿ ಬಂದೆ. ತಂಗಿ ಚಾಪೆಯ ದಾರ ಬಿಗಿದಳು, ಎಷ್ಟೋ ದಿನದ ಮೇಲೆ ನಕ್ಕಳು, ನೋಡಕ್ಕ, ಮೇಷ್ಟ್ರಿಗೆ ಇದ್ದ ಕನಿಕರ ಆ ಹನ್ನೊಂದು ಜನಕ್ಕೆ ಇರ್ಲಿಲ್ಲ, ಸದ್ಯ ನೀನಾದ್ರೂ ನನ್ನ ಮಾತು ಕೇಳ್ದೆ. ಹೇಳಬೇಕು, ಈಗಲೇ, ಹೂಂ ಎಂದೆ, ಮತ್ತೆ ಅದೇ ಹೂಂ, ತಿರುಗಿ ಬಗ್ಗಿದೆ, ಸುತ್ತಿಗೆ ಸಿಕ್ಕಿಸಿ ಎಳೆದೆ, ಇದು ಬರುತ್ತಿಲ್ಲ, ಸೊಟ್ಟಗಾಯಿತೇ ಹೊರತು ಬರುತ್ತಿಲ್ಲ, ಮೊಣಕಾಲೆತ್ತರದಲ್ಲಿ, ಮೊಳೆ —