ಹದಿನಾಲ್ಕು ಹೆಜ್ಜೆ

ಸುಣ್ಣದ ಪುಡಿ, ಯಾರೋ ಧಾರಾಳವಾಗಿ ಸುರಿದಿದ್ದಾರೆ, ಪಾರ್ಕಿನ ಗೇಟಿನಿಂದ ವೇದಿಕೆಯವರೆಗೆ ಎರಡು ಬಿಳಿ ಗೆರೆ, ಮುನಿವೆಂಕಟಪ್ಪನ ಕಾಲು ತಾನಾಗಿಯೇ ಅವುಗಳ ನಡುವೆ ಬಂದು ನಿಂತಿತು — ಗಡಿಯ ಹೊಲದಲ್ಲೂ ಹೀಗೆಯೇ ಬಿಳಿ ಪಟ್ಟಿ ಕಟ್ಟಿರುತ್ತಿದ್ದರು, ಪಟ್ಟಿಯೊಳಗೆ ನಡೆದರೆ ಬದುಕು, ಆಚೆ ನೆಲಬಾಂಬು, ಸೇನೆ ಬಿಟ್ಟು ಹದಿನೆಂಟು ವರ್ಷವಾದರೂ ಈ ಕಾಲಿಗೆ ಮಾರೇನಹಳ್ಳಿಯ ಮಣ್ಣಿನ ಮೇಲೆ ನಂಬಿಕೆಯಿಲ್ಲ, ಅವತ್ತು ಅವನು ಎತ್ತಿದ ಆ ಕಾಲು, ಬೇಡ, ಈಗ ಅದು ಬೇಡ. ಮೈಕಿನಲ್ಲಿ ಕರೆಯುತ್ತಿದ್ದಾರೆ, ನಮ್ಮ ಬಡಾವಣೆಯ ಹೆಮ್ಮೆ, ನಿವೃತ್ತ ಹವಾಲ್ದಾರ್ ಮುನಿವೆಂಕಟಪ್ಪನವರು ವೇದಿಕೆಗೆ ಬರಬೇಕು — ಹೆಮ್ಮೆಯಂತೆ! ನಿನ್ನೆಯವರೆಗೆ ಬಡಾವಣೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ದೇಶದ್ರೋಹಿ ಎಂದು ಉಗಿದವರು ಇವರೇ, ಯಾಕೆ, ನಲವತ್ತೊಂದು ಮಾಜಿ ಸೈನಿಕರು ಈಗ ಎಲ್ಲರೂ ಕೂಗಿ ಕೇಳುತ್ತಿರುವ ಈ ಯುದ್ಧ ಬೇಡವೆಂದು ಬರೆದ ಪತ್ರದಲ್ಲಿ ತನ್ನ ಸಹಿಯೂ ಇದೆ ಎಂದು. ಯುದ್ಧದಿಂದ ದೇಶ ಭದ್ರವಾಗುವುದಿಲ್ಲ, ಮೊದಲು ಸಾಯುವುದು ಗಡಿಯ ಜನ, ಆಮೇಲೆ ಇಪ್ಪತ್ತು ವರ್ಷ ಅವರ ಹೊಲಕ್ಕೆ ಕಾಲಿಡುವಂತಿಲ್ಲ, ಅದರಲ್ಲಿ ಸುಳ್ಳೇನಿದೆ? ಕಾರ್ಯದರ್ಶಿ ಪದ್ಮನಾಭ ಈಗಷ್ಟೇ ಕಾಫಿ ಕೊಟ್ಟು ಕಿವಿಯ ಹತ್ತಿರ ಬಗ್ಗಿದ್ದ, ಸಾರ್, ನೀವು ದೊಡ್ಡೋರು, ತಪ್ಪಾಯ್ತು ಅಂತ ಮೈಕಲ್ಲಿ ಒಂದ್ ಮಾತು ಹೇಳ್ಬಿಡಿ, ಎಲ್ರೂ ಮರ್ತ್ಬಿಡ್ತಾರೆ. ಎದುರು ಮನೆಯವರ ಜೊತೆ ಕಾರು ನಿಲ್ಲಿಸುವ ಜಗಳವನ್ನು ಎರಡು ವರ್ಷದಿಂದ ಬಗೆಹರಿಸಲಾಗದ ಮಹಾಶಯ, ಇವನಿಗೆ ಯುದ್ಧ ಬೇಕು, ಅದೂ ವಾರದಲ್ಲಿ ಮುಗಿಯಬೇಕು. ತನ್ನ ಹೆಂಡತಿ ಶೈಲಾಳದೂ ಅದೇ ಹಟ, ಹೇಳ್ಬಿಡಿ ಅತ್ಲಾಗೆ, ಪಕ್ಕದ ಮನೆಯೋರು ನನ್ ಜೊತೆ ಮಾತಾಡಿ ಹತ್ತು ದಿನ ಆಯ್ತು ಕಣ್ರೀ. ಅವಳ ಅಳು ನೋಡಲಾರದೆ ಹ್ಞೂಂ ಎಂದು ಬಂದಿದ್ದಾನೆ.

ಒಂದು, ಎರಡು, ಮೂರು — ನಡೆಯುವಾಗ ಎಣಿಸುವ ಚಟ ಹೋಗಿಲ್ಲ, ಗಡಿಯಲ್ಲಿದ್ದ ಆ ವರ್ಷವೂ ಯುದ್ಧ ಆಗೇಬಿಡುತ್ತದೆ ಎಂದಿದ್ದರು, ನೆಲಬಾಂಬು ಬೇಗ ಹೂಳಿ, ಬೇಗ, ಟೇಪು ಹಿಡಿದು ಅಳೆಯಲು ಪುರುಸೊತ್ತು ಕೊಟ್ಟರೆ ತಾನೇ, ಆರಡಿ ಎತ್ತರದ ಮುನಿವೆಂಕಟಪ್ಪ ಗುರುತಿನ ಗೂಟದಿಂದ ದಾಪುಗಾಲು ಹಾಕುತ್ತ ಹೋಗಿ ಬಾಂಬು ಹೂತ, ನಕ್ಷೆಯಲ್ಲಿ ಬರೆದ, ಹದಿನಾಲ್ಕು ಹೆಜ್ಜೆ. ಯುದ್ಧ ಆಗಲೇ ಇಲ್ಲ. ಶತ್ರು ಒಂದು ಗುಂಡೂ ಹಾರಿಸಲಿಲ್ಲ. ಹತ್ತು ತಿಂಗಳ ಮೇಲೆ ಎಲ್ಲ ತೆಗೆಯಿರಿ ಎಂದರು, ಏಳು, ಎಂಟು, ತೆಗೆಯಲು ಕೊಟ್ರಪ್ಪ ಹೊರಟ, ಜೊತೆಯ ಸಿಪಾಯಿ, ಕೂಡ್ಲಿಗಿಯವನು, ಐದಡಿ ನಾಲ್ಕಿಂಚು, ಮನೆಯಿಂದ ಬಂದ ಶೇಂಗಾ ಚಟ್ನಿಪುಡಿಯನ್ನು ಹಂಚದೆ ತಿಂದವನಲ್ಲ, ಅಣ್ಣ ಬರೆದ ನಕ್ಷೆ ಎಂಬ ನಂಬಿಕೆಯಿಂದ ತನ್ನ ಸಣ್ಣ ಹೆಜ್ಜೆಗಳಲ್ಲಿ ಎಣಿಸಿದ, ಕಂಬಿಯಿಂದ ನೆಲ ಚುಚ್ಚಿದ, ತಿರುಗಿ ನೋಡಿ ನಕ್ಕ, ಅಣ್ಣಾ, ಹದಿನಾಕು ಆತು, ಇಲ್ಲೇನೂ ಇಲ್ಲಲ್ಲ, ಮಳಿಗೆ ಕೊಚ್ಕೊಂಡು ಹೋಗೇತಿ — ಮುಂದಕ್ಕೆ ಕಾಲೆತ್ತಿದ. ಅದನ್ನು ಸೇನೆಯ ಕಾಗದದಲ್ಲಿ ಅಪಘಾತ ಎಂದರು, ಯಾರ ಅಪಘಾತ, ಬೇಗ ಬೇಗ ಎಂದು ಅಟ್ಟಿದವರಲ್ಲಿ ಒಬ್ಬನ ಕಾಲೂ ಆ ಮಣ್ಣನ್ನು ಮುಟ್ಟಿರಲಿಲ್ಲ, ಇಲ್ಲಿ ಕುರ್ಚಿ ಹಾಕಿಕೊಂಡು ಕೂತವರ ಕಾಲೂ ಮುಟ್ಟುವುದಿಲ್ಲ, ಹದಿಮೂರು, ಹದಿನಾಲ್ಕು, ಮೈಕು ಕೈಗೆ ಬಂತು. ತಪ್ಪಾಗಿದೆ, ಎಂದ. ಪದ್ಮನಾಭನೇ ಮೊದಲು ಚಪ್ಪಾಳೆ ತಟ್ಟಿದ, ಪಾರ್ಕಿಗೆ ಪಾರ್ಕೇ ತಟ್ಟಿತು, ಶೈಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಹಿ ಹಾಕಿದ್ದಲ್ಲ, ಸಹಿ ಇನ್ನೊಂದ್ಸಲ ಕೇಳಿದ್ರೂ ಹಾಕ್ತೀನಿ, ತಪ್ಪಾಗಿದ್ದು ನಾನು ಹದಿನಾಲ್ಕು ಹೆಜ್ಜೆ ಅಂತ ಬರ್ದಾಗ, ನಮ್ ಕೊಟ್ರಪ್ಪ — ಚಪ್ಪಾಳೆ ನಿಂತಿದೆ, ಪದ್ಮನಾಭ ಮೈಕಿಗೆ ಕೈ ಚಾಚುತ್ತಿದ್ದಾನೆ, ಕೊಡುವುದಿಲ್ಲ, ಹೇಳಬೇಕು, ತಿರುಗಿ ನಗುತ್ತಿರುವ ಕೊಟ್ರಪ್ಪ, ಎತ್ತಿದ ಕಾಲು, ಇನ್ನೂ ನೆಲಕ್ಕೆ ಊರಿಲ್ಲ.