ಹೇಳಿದವರ ಹೆಸರು

ಸುಂದರವ್ವ ವಹಿಯ ಹಾಳೆಗಳನ್ನು ಹರಿಹರಿದು ನೀರೊಲೆಗೆ ತುರುಕುತ್ತಿದ್ದಳು. ಒಲೆಯ ಮೇಲಿನ ಹಂಡೆಯಲ್ಲಿ ಗಂಡನ ಹೆಣಕ್ಕೆ ಹಾಕುವ ನೀರು ಕಾಯುತ್ತಿತ್ತು. ವಹಿಯ ರಟ್ಟು ಬೇಗ ಹೊತ್ತಿಕೊಳ್ಳದೆ ಹೊಗೆಯಾಡಿತು. ಕಟ್ಟಿಗೆಯ ತುದಿಯಿಂದ ಅದನ್ನು ಒಳಗೆ ದೂಡಿದಳು.

"ಲಗೂನ ಅಕ್ಕಾರ. ಸಾಹುಕಾರ್ರ ಜೀಪು ಓಣಿಗಿ ಬಂತು," ಎಂದಳು ಬಾಗಿಲಲ್ಲಿ ನಿಂತಿದ್ದ ರೇಷ್ಮಾ.

ಗಂಡ ಗುರುಪಾದ ಬೀಳಗಿಯಿಂದ ಬಾಗಲಕೋಟೆಗೆ ಹೋಗುವ ಬಸ್ಸಿನ ಕಂಡಕ್ಟರ್. ಹಿಂದಿನ ದಿನ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಊರಿಗೆ ಬರುವಾಗ ಕಬ್ಬಿನ ಟ್ರ್ಯಾಕ್ಟರೊಂದು ಹಿಂದಿನಿಂದ ಗುದ್ದಿತ್ತು. ಅದಕ್ಕೆ ನಂಬರು ಇರಲಿಲ್ಲ ಎಂದು ಕುರಿ ಮೇಯಿಸುತ್ತಿದ್ದವನೊಬ್ಬ ಹೇಳಿದ. ಅದರಲ್ಲಿ ಕಬ್ಬೂ ಇರಲಿಲ್ಲ ಎಂದು ಇನ್ನೊಬ್ಬ. ಪೊಲೀಸರು ಕಾಗದದಲ್ಲಿ ಬರೆದದ್ದು ಅಪಘಾತ ಎಂದಷ್ಟೇ.

ಬೆಳಿಗ್ಗೆ ಆಸ್ಪತ್ರೆಯಿಂದ ಹೆಣ ಬಂದಾಗಿನಿಂದ ಜನ ಬರುತ್ತಲೇ ಇದ್ದರು. ಅರ್ಧ ಜನರ ಗುರುತೇ ಸುಂದರವ್ವನಿಗೆ ಇರಲಿಲ್ಲ. ಹೆಣದ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು, ಆಮೇಲೆ ಆಕೆಯ ಕಿವಿಯ ಹತ್ತಿರ ಬಾಗುತ್ತಿದ್ದರು. ಮೊದಲು ಒಬ್ಬ ಅಂಗನವಾಡಿಯಾಕೆ, ಆಮೇಲೆ ಪಂಚಾಯಿತಿಯ ನೀರುಗಂಟಿ, ಆಮೇಲೆ ಮುದಿ ಕುರುಬ ಗಿರಮಲ್ಲಪ್ಪ. ಮೂವರೂ ಕೇಳಿದ್ದು ಒಂದೇ ಮಾತು.

"ತಂಗೆವ್ವಾ, ನಿನ್ನ ಗಂಡ ಒಂದ್ ವಹಿಯಾಗ ಬರಕೋತಿದ್ದ. ಅದರಾಗ ನನ್ನ ಹೆಸರೈತೇನು ನೋಡು."

ಸುಂದರವ್ವ ಟಿಕೇಟಿನ ಚೀಲ ತೆಗೆದು ನೋಡಿದಳು. ಹೆಸರುಗಳಿದ್ದವು. ತಾರೀಖು, ಊರು, ಹೇಳಿದ ಮಾತು, ಹೇಳಿದವರ ಹೆಸರು. ಹೀಗೇ ನೂರಾರು ಪುಟ.

*

ರೇಷ್ಮಾಳ ಕಂಪ್ಯೂಟರ್ ಅಂಗಡಿ ಬೀಳಗಿ ಬಸ್ ನಿಲ್ದಾಣದ ಎದುರಿಗಿತ್ತು. ಗುರುಪಾದ ಅಲ್ಲಿಗೆ ಮೊದಲ ಸಲ ಬಂದದ್ದು ನಾಲ್ಕು ವರ್ಷದ ಹಿಂದೆ, 2009ರಲ್ಲಿ.

"ಈ ಬ್ಲಾಗ್ ಅಂತಾರಲ್ಲ, ಅದನ್ನ ನಾವೂ ಮಾಡಬಹುದೇನವಾ?" ಎಂದು ಕೇಳಿದ.

ಅಂದಿನಿಂದ ವಾರಕ್ಕೊಮ್ಮೆ ಅವನು ಹೇಳುತ್ತಿದ್ದ, ರೇಷ್ಮಾ ಟೈಪು ಮಾಡುತ್ತಿದ್ದಳು. ಬ್ಲಾಗಿಗೆ 'ಕಡೇ ಸೀಟು' ಎಂದು ಹೆಸರಿಟ್ಟ. ಬರೆದವರ ಹೆಸರು ಹಾಕಲಿಲ್ಲ. ಶಾಸಕರನ್ನು ರೆಸಾರ್ಟಿಗೆ ಸಾಗಿಸಿದ ವಾರ ಅವನು ಬರೆಸಿದ್ದು: "ನಮ್ಮ ಬಸ್ಸಿನಾಗ ಐವತ್ತು ಸೀಟು, ಎಂಬತ್ತು ಮಂದಿ. ಟಿಕೇಟು ತಗೊಂಡವರೂ ನಿಂತಾರ. ಬೆಂಗಳೂರಿನ ಬಸ್ಸಿನಾಗ ಸೀಟು ಬಿಟ್ಟು ಇಳದವರಿಗೇ ಮತ್ತ ಸೀಟು." ಮುಧೋಳ, ಜಮಖಂಡಿ, ಬನಹಟ್ಟಿಯಲ್ಲೂ ಜನ ಅದನ್ನು ಮೊಬೈಲಿನಲ್ಲಿ ಓದಿ ನಕ್ಕರು.

ಬರಬರುತ್ತ ನಗು ಕಡಿಮೆಯಾಯಿತು. ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳೆದುಕೊಂಡವರು ಬಸ್ಸಿನಲ್ಲಿ ಹೇಳುವುದನ್ನೇ ಅವನು ಬರೆಸತೊಡಗಿದ. ಹೋದ ತಿಂಗಳು, ಚುನಾವಣೆ ಬಾಗಿಲಿಗೆ ಬಂದಿರುವಾಗ, ಮುಳುಗಿದ ಊರಿನವರಿಗೆ ಸಿಗಬೇಕಾದ ಹನ್ನೆರಡು ನಿವೇಶನ, ಚುನಾವಣೆಗೆ ನಿಂತಿದ್ದ ಸಾಹುಕಾರರ ಬೀಗರ ಪಾಲಾದದ್ದನ್ನು ಬರೆಸಿದ.

"ಹೇಳಿದವರ ಹೆಸರು ಯಾಕ ಬರದಿಡ್ತೀರಿ ಕಾಕಾ? ಸುಟ್ಟು ಬಿಡ್ರಿ," ಎಂದಿದ್ದಳು ರೇಷ್ಮಾ.

ಗುರುಪಾದ ವಹಿಯನ್ನು ಚೀಲಕ್ಕೆ ಸೇರಿಸಿದ. "ನಾಳೆ ಇಂವ ಸುಳ್ಳು ಬರದಾನ ಅಂದ್ರ, ನಾ ಯಾರನ್ನ ಕೇಳ್ಲಿ? ಹೆಸರು ನನ್ನ ಕಡೆ ಇರ್ಲಿ. ನಾ ಇರೂತನಕ ಅವರಿಗಿ ಏನೂ ಆಗಂಗಿಲ್ಲ."

*

ಜೀಪಿನಿಂದ ಇಳಿದವನು ಮುರಗೆಪ್ಪ. ಸಾಹುಕಾರರ ಎಲ್ಲ ಕೆಲಸಕ್ಕೂ ಅವನೇ ಓಡಾಡುವವನು. ತಂದ ಹಾರವನ್ನು ಹೆಣದ ಪಕ್ಕದಲ್ಲಿಟ್ಟು, ಕಟ್ಟೆಯ ಮೇಲೆ ಕುಳಿತ.

"ಎಲೆಕ್ಷನ್ ಗದ್ಲದಾಗ ಸಾಹುಕಾರ್ರಿಗಿ ಬರಾಕ ಆಗಲಿಲ್ಲವಾ. ಭಾಳ ನೊಂದಕೊಂಡಾರ." ಬಾಗಿಲೊಳಗೆ ಕಣ್ಣು ಹಾಯಿಸಿದ. "ಗುರುಪಾದಪ್ಪ ಏನೇನೋ ಬರದಿಟ್ಟಿದ್ದನಂತ. ವಹಿ ಇದ್ರ ಕೊಡು. ಸಾಹುಕಾರ್ರು ಪುಸ್ತಕ ಮಾಡಿ ಅಚ್ಚ ಹಾಕಸ್ತಾರ. ಅವನ ಹೆಸರು ಉಳೀಲಿ."

"ಟಿಕೇಟಿನ ಲೆಕ್ಕ ಡಿಪೋಕ್ಕ ಕೊಡತಿದ್ರು. ಮನ್ಯಾಗ ಏನೂ ಇಲ್ರಿ," ಎಂದಳು ಸುಂದರವ್ವ.

"ಈಕಿ ಯಾರು?" ಅವನ ಕಣ್ಣು ರೇಷ್ಮಾಳ ಮೇಲಿತ್ತು.

"ನನ್ನ ಮಗಳಿದ್ದಾಂಗ."

ಅಷ್ಟರಲ್ಲಿ ಅಂಗಳದಲ್ಲಿ ಹೆಣಕ್ಕೆ ನೀರು ಹಾಕಿದರು. ಒಲೆಯಿಂದ ಹಾರಿ ಹಂಡೆಗೆ ಬಿದ್ದಿದ್ದ ಸುಟ್ಟ ಹಾಳೆಯ ಚೂರೊಂದು ನೀರಿನೊಂದಿಗೆ ಬಂದು ಗುರುಪಾದನ ಎದೆಗೆ ಅಂಟಿಕೊಂಡಿತು. ಮುರಗೆಪ್ಪ ಎದ್ದು ಹೋಗಿ ಅದನ್ನು ಬೆರಳಿನಿಂದ ಎತ್ತಿದ. ತಿಕ್ಕಿದ. ಬೆರಳು ಕಪ್ಪಾಯಿತು.

"ಛಲೋ ಮಾಡೀರಿ," ಎಂದ ಮೆಲ್ಲಗೆ. "ಹೆಸರು ಹೋದ್ರ ಹೋಗ್ಲಿ. ಮಂದಿ ಬಂದಾರಲ್ಲ."

*

ಕುಣಿ ತೋಡಿದ್ದು ಊರ ಹೊರಗೆ, ಅವರದೇ ಹೊಲದ ಬದುವಿನಲ್ಲಿ. ಹೆಣ ಇಳಿಸಿ, ಬೀರೇಶ್ವರನ ಭಂಡಾರದ ಅರಿಸಿನ ಹಚ್ಚಿದರು. ಇನ್ನು ಮಣ್ಣು ಹಾಕಬೇಕು. ಆಗ ಜನ ನಿಂತಲ್ಲೇ ನಿಂತರು.

ಕುಣಿಯ ಆಚೆ ಬದಿಯಲ್ಲಿ ಮುರಗೆಪ್ಪ ಮೊಬೈಲು ಎತ್ತಿ ಹಿಡಿದಿದ್ದ. ಅದು ಜನರ ಮುಖಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿಯುತ್ತಿತ್ತು.

ಸುಂದರವ್ವ ಒಂದು ಹಿಡಿ ಮಣ್ಣು ಹಾಕಿದಳು. ಅದು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಹಿಂದೆ ಯಾರೂ ಬರಲಿಲ್ಲ. ಅಂಗನವಾಡಿಯಾಕೆ ತಲೆ ತಗ್ಗಿಸಿದಳು. ನೀರುಗಂಟಿ ಎರಡು ಹೆಜ್ಜೆ ಹಿಂದೆ ಸರಿದು ಕಬ್ಬಿನ ಸಾಲಿನ ಹತ್ತಿರ ನಿಂತ. ಅವನ ಹಿಂದೆ ಹತ್ತು ಹದಿನೈದು ಜನ ಕಬ್ಬಿನೊಳಗೇ ಸರಿದರು.

ಗಿರಮಲ್ಲಪ್ಪ ಮಾತ್ರ ಮುಂದೆ ಬಂದ. ತಲೆಯ ಪಟಗ ತೆಗೆದು ಬಗಲಲ್ಲಿಟ್ಟುಕೊಂಡ.

"ನನ್ನ ಜಾಗದಾಗ ನಿಮ್ಮ ಸಾಹುಕಾರ್ರ ಬೀಗರ ಮನಿ ಎದ್ದೈತಿ ಅಂತ ಇವಗ ಹೇಳಿದಂವ ನಾನ," ಎಂದ ಮುರಗೆಪ್ಪನ ಕಡೆ ನೋಡಿ. "ಸರಿಯಾಗಿ ತಗೊಳೋ."

ಮೊಬೈಲು ಅವನ ಮುಖದ ಮೇಲೆ ಬಹಳ ಹೊತ್ತು ನಿಂತಿತು. ಮುದುಕ ಮೂರು ಹಿಡಿ ಮಣ್ಣು ಹಾಕಿ, ಕುಣಿಯ ದಂಡೆಯಲ್ಲೇ ಕುಕ್ಕರಗಾಲಲ್ಲಿ ಕುಳಿತ.

ಕಬ್ಬಿನ ಗರಿ ಸರಸರ ಎಂದಿತು. ಒಬ್ಬ ಹೊರಗೆ ಬಂದ. ಅವನ ಮುಖಕ್ಕೆ ಟವೆಲು ಸುತ್ತಿತ್ತು. ಮಣ್ಣು ಹಾಕಿ, ಮಾತಾಡದೆ ಹೋದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಧೋತರದ ಸೆರಗು ಸುತ್ತಿಕೊಂಡವರು, ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದ ಹೆಂಗಸರು, ಓಢಣಿ ಎಳೆದುಕೊಂಡ ರೇಷ್ಮಾ. ಯಾರೂ ಯಾರನ್ನೂ ಗುರುತಿಸಲಿಲ್ಲ. ಕುಣಿ ತುಂಬುತ್ತ ಬಂತು. ಮುರಗೆಪ್ಪನ ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಒಂದರ ಹಿಂದೊಂದು ಬರಿಯ ಕಣ್ಣುಗಳು ಹಾಯುತ್ತಿದ್ದವು.